ಗುರುವಾರದ ಮನೆಯಾಕೆಗೆ ಗ್ಯಾಸ್ಟ್ರಿಕ್

"ಇನ್ನು ಒಂದು ವಾರ ಈ ಮನೆಯಲ್ಲಿ ಯಾರೂ ಅಳಕೂಡದು!"

ಶನಿವಾರ ಬೆಳಗ್ಗೆ ನಡುಮನೆಯಲ್ಲಿ ನಿಂತು, ತೋರುಬೆರಳನ್ನು ಫ್ಯಾನಿನ ಕಡೆಗೆ ಎತ್ತಿ, ನಾನು ಹೀಗೊಂದು ರಾಜಾಜ್ಞೆ ಹೊರಡಿಸಿದೆ. ಪ್ರಜೆಗಳು ಮೂವರು. ಹೆಂಡತಿ ಮಾಲವಿಕಾ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು, ತಲೆ ಎತ್ತಲಿಲ್ಲ. ಕಾಲೇಜಿಗೆ ಹೋಗುವ ಮಗಳು ಲಹರಿ ಮೊಬೈಲಿನಲ್ಲಿದ್ದಳು, ಅವಳ ತಲೆ ಏಳುವ ಪ್ರಶ್ನೆಯೇ ಇಲ್ಲ. ಯಾರಿಗಾಗಿ ಈ ಆಜ್ಞೆಯೋ ಆ ನನ್ನ ತಾಯಿ ಸುಂದರಮ್ಮ ಮಾತ್ರ ಕಪ್ಪು ಕನ್ನಡಕ ಹಾಕಿಕೊಂಡು, ಮಂಚದ ಮೇಲೆ ಮೂರು ದಿಂಬಿಗೆ ಒರಗಿ, ನನ್ನ ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿದಳು.

"ತಾಯಿ ಕಣ್ಣಿನ ಮೇಲೆ ಎಷ್ಟು ಕಾಳಜಿ ನೋಡು ನನ್ನ ಮಗನಿಗೆ," ಅಂದಳು. ಅನ್ನುವಷ್ಟರಲ್ಲೇ ಅವಳ ಕೈ ಸೆರಗು ಹುಡುಕತೊಡಗಿತು! ಆಜ್ಞೆ ಹೊರಟು ಅರ್ಧ ನಿಮಿಷವೂ ಆಗಿರಲಿಲ್ಲ.

ವಿಷಯ ಇಷ್ಟು. ಅಮ್ಮನ ಎಡಗಣ್ಣು ಹತ್ತು ವರ್ಷದ ಹಿಂದೆಯೇ ಕೈಕೊಟ್ಟಿದೆ. ಉಳಿದಿದ್ದ ಬಲಗಣ್ಣಿಗೆ ಪೊರೆ ಬಂದು ಶುಕ್ರವಾರ ಆಪರೇಷನ್ ಆಯಿತು. ಕಣ್ಣಿನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಒಂದು ವಾರ ಟಿವಿ ಬೇಡ, ಮೊಬೈಲ್ ಬೇಡ. ಎಲ್ಲಕ್ಕಿಂತ ಮುಖ್ಯ, ಕಣ್ಣು ಉಜ್ಜಬಾರದು. ಇರೋದೊಂದೇ ಕಣ್ಣು ಅನ್ನೋದು ನೆನಪಿರಲಿ. ಅಜ್ಜಿ ಅಳೋ ಸ್ವಭಾವದವರಾ?"

ಅಳುವ ಸ್ವಭಾವದವರಾ! ಕಾವೇರಿಯನ್ನು ಹರಿಯುವ ಸ್ವಭಾವದವಳಾ ಅಂತ ಯಾರಾದರೂ ಕೇಳುತ್ತಾರೆಯೇ? ನೆಂಟರು ಹೊರಟರೆ ಅಮ್ಮ ಅಳುತ್ತಾಳೆ. ಬಂದರೂ ಅಳುತ್ತಾಳೆ. ಟೂತ್‌ಪೇಸ್ಟ್ ಜಾಹೀರಾತಿನ ಮಗು ನಕ್ಕರೆ ಅಳುತ್ತಾಳೆ. ದಸರಾದ ಜಂಬೂಸವಾರಿಯನ್ನು ನಾಡಿಗೆ ನಾಡೇ ಚಪ್ಪಾಳೆ ತಟ್ಟಿ ನೋಡುವಾಗ ಇವಳೊಬ್ಬಳು "ಪಾಪ, ಅಷ್ಟು ಭಾರ ಹೊತ್ಕೊಂಡು ಬಿಸಿಲಲ್ಲಿ ನಡೆಯುತ್ತಲ್ಲೋ ಆನೆ" ಅಂತ ಅಳುತ್ತಾಳೆ. ಅಳುವುದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅತ್ತ ಮೇಲೆ ಎರಡೂ ಮುಷ್ಟಿ ಕಟ್ಟಿ, ತಳ ಹಿಡಿದ ಪಾತ್ರೆ ತಿಕ್ಕುವ ಹಾಗೆ ಕಣ್ಣು ತಿಕ್ಕುತ್ತಾಳೆ!

ಹಾಗಾಗಿ ಮನೆಯಲ್ಲಿ ತುರ್ತು ಪರಿಸ್ಥಿತಿ ಜಾರಿಯಾಯಿತು. ಈರುಳ್ಳಿಗೆ ಗಡೀಪಾರು, ಹೆಚ್ಚುವುದಿದ್ದರೆ ಮಾಲವಿಕಾ ಈಳಿಗೆಮಣೆ ಸಮೇತ ಪಕ್ಕದ ಮನೆಯ ಬಸಮ್ಮನವರ ಅಡುಗೆಮನೆಗೆ ಹೋಗಿ ಹೆಚ್ಚಿಕೊಂಡು ಬರಬೇಕು. ಅಮ್ಮನ ಕೈ ಕನ್ನಡಕದ ಹತ್ತಿರ ಹೋದರೆ ನೋಡಿದವರು "ಕೈ! ಕೈ!" ಅಂತ ಕೂಗಬೇಕು. ಕೂಗು ಕೇಳಿದವರು ಎಲ್ಲಿದ್ದರೂ ಓಡಿ ಬಂದು ಹಿಡಿಯಬೇಕು.

ಭಾನುವಾರದ ಹೊತ್ತಿಗೆ ಅಮ್ಮನ ತಾಳ್ಮೆ ಮುಗಿಯಿತು.

"ಮಾಧು, ನನ್ನ ಧಾರಾವಾಹಿ ಹಾಕೋ! ವಿಷ ಬೆರೆಸಿದ ಪಾಯಸ ಯಾರು ಕುಡಿದ್ರು ಅಂತ ಶುಕ್ರವಾರಾನೇ ಗೊತ್ತಾಗಿರುತ್ತೆ. ನೋಡಲ್ಲ ಕಣೋ, ಬರೀ ಕೇಳಿಸ್ಕೋತೀನಿ."

ನಾನು ಈ ಘಳಿಗೆಗಾಗಿ ವರ್ಷಗಳಿಂದ ಕಾದಿದ್ದೆ. "ಅಮ್ಮ, ಆ ವಿಷ, ಆ ಪಾಯಸ, ಅತ್ತೆಗೆ ಗುಂಡಿ ತೋಡೋ ಸೊಸೆ, ಇದನ್ನೆಲ್ಲ ಇವತ್ತಿಗೆ ಬಿಟ್ಟುಬಿಡು. ಮನುಷ್ಯ ಮನುಷ್ಯನಿಗೆ ಒಳ್ಳೇದು ಮಾಡೋ ಸಿನಿಮಾ ಹಾಕ್ತೀನಿ. ಮನೆಮಂದಿಯೆಲ್ಲ ಕೂತು ನೋಡೋಂಥದ್ದು. ನೀನು ಕಣ್ಮುಚ್ಚಿಕೊಂಡು ಕೇಳು. ಎರಡು ಗಂಟೆ ಒಳ್ಳೇತನ ಕಿವಿಗೆ ಬಿದ್ದರೆ ಆಪರೇಷನ್ ಆದ ಕಣ್ಣು ಬೇಗ ವಾಸಿಯಾಗುತ್ತೆ."

"ರೀ," ಅಂದಳು ಮಾಲವಿಕಾ ಅಡುಗೆಮನೆಯಿಂದ. "ಅಂಥ ಸಿನಿಮಾಗೆ ಅವರು ಅತ್ತೇ ಅಳ್ತಾರೆ."

"ಯಾಕೆ ಅಳ್ತಾಳೆ? ಅಳು ಬರೋದು ಕೆಟ್ಟತನ ಕಂಡಾಗ. ಒಳ್ಳೇತನ ಕಂಡರೆ ಮನಸ್ಸು ಅರಳುತ್ತೆ, ಮುಖ ಅರಳುತ್ತೆ. ಇದು ಸೈನ್ಸ್!"

"ಯಾವ ಸೈನ್ಸ್ ರೀ ಇದು?"

"ಸೈನ್ಸ್ ಅಂದ್ಮೇಲೆ ಸೈನ್ಸ್!"

"ಉಲ್ಟಾ ಕಣ್ರೀ. ಕೆಟ್ಟತನ ಕಂಡರೆ ಸಿಟ್ಟು ಬರುತ್ತೆ, ಅಳು ಬರೋದೇ ಒಳ್ಳೇತನಕ್ಕೆ. ನನ್ನನ್ನೇ ನೋಡಿ, ಇಪ್ಪತ್ತಾರು ವರ್ಷ ಆಯ್ತು ನಿಮ್ಮ ಜೊತೆ. ಒಂದು ದಿನ ಅತ್ತಿದೀನಾ?"

ಇಂಥ ಮಾತಿಗೆಲ್ಲ ಜಗ್ಗುವ ಕುಳ ನಾನಲ್ಲ. "ನೀನು ನನ್ನನ್ನ ನೋಡು," ಅಂದೆ. "ಎಂಥೆಂಥ ಸಿನಿಮಾ ನೋಡಿದೀನಿ! ಕಣ್ಣಲ್ಲಿ ಒಂದು ಹನಿ? ಊಹೂಂ! ನಾನು ಕೃಷ್ಣಸ್ವಾಮಿ ಮೇಷ್ಟ್ರ ಮಗ. ಅವರು ಅತ್ತಿದ್ದನ್ನ ಈ ವಿದ್ಯಾರಣ್ಯಪುರಂನಲ್ಲಿ ಯಾರೂ ಕಂಡಿಲ್ಲ."

ನಮ್ಮಪ್ಪ ತೀರಿಕೊಂಡು ಆರು ವರ್ಷವಾಯಿತು. ಲೆಕ್ಕದ ಮೇಷ್ಟ್ರು. ಅವರು ನಕ್ಕದ್ದನ್ನೂ ಯಾರೂ ಕಂಡಿರಲಿಲ್ಲ ಅನ್ನುವುದು ಬೇರೆ ಮಾತು. ಅಪ್ಪನ ಹೆಸರು ಬಂದದ್ದಕ್ಕೋ ಏನೋ ಅಮ್ಮ ಸುಮ್ಮನೆ ದಿಂಬು ಸರಿಮಾಡಿಕೊಂಡಳು.

ಲಹರಿ ಯೂಟ್ಯೂಬಿನಲ್ಲಿ ಹುಡುಕಿ ಒಂದು ಹಳೇ ಕಪ್ಪು-ಬಿಳುಪು ಸಿನಿಮಾ ತೆಗೆದಳು. ಹೆಸರು ಹೇಳಲಾರೆ. ಆ ಚಿತ್ರದ ಕಥೆಗೆ ನಾನು ಮಾಡಿದ್ದನ್ನು ಅದನ್ನು ತೆಗೆದವರ ಮೊಮ್ಮಕ್ಕಳು ಓದಿದರೆ ನನ್ನ ಮೇಲೆ ಕೇಸು ಹಾಕಬಹುದು. ವಿಡಿಯೋದ ಕೆಳಗೆ ಯಾರೋ ಪುಣ್ಯಾತ್ಮರು "ಮನುಷ್ಯತ್ವದ ಮಹಾಕಾವ್ಯ! ಸಂಸಾರ ಸಮೇತ ನೋಡಿ" ಅಂತ ಬರೆದಿದ್ದರು. ನನಗೆ ಅಷ್ಟು ಸಾಕಾಯಿತು. ಅದರ ಕೆಳಗಿನ ಸಾಲನ್ನು ನಾನು ಓದಿದ್ದು ಆಮೇಲೆ: "ನಾಲ್ಕು ಕರ್ಚೀಫ್ ಇಟ್ಟುಕೊಂಡು ಕೂರಿ."

ಮಂಚದ ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಶುರು ಮಾಡಿದೆ. ಒಂದು ಹಾಡು ಬಂತು. ಹಾಡಿನಲ್ಲಿ ಹತ್ತು ವರ್ಷದ ಹುಡುಗನೊಬ್ಬ ತಗಡಿನ ಪೆಟ್ಟಿಗೆ ಹಿಡಿದು, ಅಮ್ಮನ ಕಾಲಿಗೆ ಬಿದ್ದು, ಓದಲಿಕ್ಕೆಂದು ಪಟ್ಟಣಕ್ಕೆ ಹೊರಟ. ಬಸ್ಸು ಕದಲಿತು. ಪಿಟೀಲು ಎಳೆಯಿತು. ನನ್ನ ಪಕ್ಕದಲ್ಲಿ ಸೊರ್ರ್ ಅಂತ ಮೂಗು ಎಳೆದ ಸದ್ದು!

"ಕೈ! ಕೈ!" ಲಹರಿ ಕಿರುಚಿದಳು. ಅವಳು ಬಲಗೈ ಹಿಡಿದಳು, ನಾನು ಎಡಗೈ ಹಿಡಿದೆ. ಮಾಲವಿಕಾ ಸೌಟು ಹಿಡಿದೇ ಓಡಿ ಬಂದು ಕೆನ್ನೆಗೆ ಹತ್ತಿ ಒತ್ತಿದಳು. ಒತ್ತುವಾಗ ನನ್ನನ್ನು ಒಂದು ನೋಟ ನೋಡಿದಳು. ಅದರಲ್ಲಿ ಸೈನ್ಸ್ ಪೂರ್ತಿ ಇತ್ತು.

ನಾನು ತಕ್ಷಣ ಲ್ಯಾಪ್‌ಟಾಪಿಗೆ ಇಯರ್‌ಫೋನ್ ಸಿಕ್ಕಿಸಿ, ಅದನ್ನು ನನ್ನ ಕಿವಿಗೆ ಚುಚ್ಚಿಕೊಂಡೆ. "ಅಮ್ಮ, ಸ್ಪೀಕರ್ ಕೆಟ್ಟುಹೋಯ್ತು."

"ಇಷ್ಟು ಬೇಗಾನಾ?"

"ಈಗಿನ ಮಾಲೇ ಹಾಗಮ್ಮ."

"ಹಾಗಾದ್ರೆ ನೀನೇ ನೋಡ್ತಾ ನೋಡ್ತಾ ಹೇಳು," ಅಂದಳು ಅಮ್ಮ. "ಕಥೆ ಅರ್ಧಕ್ಕೆ ನಿಲ್ಲಿಸಿದರೆ ನನಗೆ ಸಂಕಟ ಆಗುತ್ತೆ. ಸಂಕಟ ಆದರೆ ಅಳು ಬರುತ್ತೆ."

ಇದು ಶುದ್ಧ ಬ್ಲ್ಯಾಕ್‌ಮೇಲ್. ಆದರೂ ಒಳಗೊಳಗೇ ಹಿಗ್ಗಿದೆ. ಕಥೆ ಹೇಳುವವನ ಕೈಯಲ್ಲಿ ಕಥೆಯ ಲಗಾಮು ಇರುತ್ತದೆ. ಅಳುವ ಜಾಗ ಬಂದರೆ ಬೇರೆ ದಾರಿಯಲ್ಲಿ ತಿರುಗಿಸಿದರಾಯಿತು. ಎಂಥ ಉಪಾಯ!

"ಹುಡುಗ ಪಟ್ಟಣಕ್ಕೆ ಬಂದನಮ್ಮ. ವಾರಾನ್ನಕ್ಕೆ ಮನೆ ಹುಡುಕ್ತಾ ಇದಾನೆ. ದಿನಕ್ಕೊಂದು ಮನೆ, ವಾರಕ್ಕೆ ಏಳು ಮನೇಲಿ ಊಟ. ಆರು ಮನೆ ಸಿಕ್ತು, ಒಂದು ದಿನಕ್ಕೆ ಯಾರೂ ಸಿಗಲಿಲ್ಲ."

"ಗುರುವಾರ ಉಪವಾಸಾನಾ ಹಾಗಾದ್ರೆ?"

"ಹೂಂ, ಗುರುವಾರ ಉಪವಾಸ. ಇರು, ಯಾರೋ ಹೆಂಗಸು ಕರೀತಾ ಇದಾಳೆ."

ಒಂದೇ ಕೋಣೆಯ ಮನೆ. ಗಂಡನಿಲ್ಲದ ಹೆಂಗಸು. ಡಬ್ಬ ಬಗ್ಗಿಸಿದರೆ ಒಂದು ಹಿಡಿ ಅಕ್ಕಿ. ಅದನ್ನೇ ಬೇಯಿಸಿ, ಎಲೆ ಹಾಕಿ, ಹುಡುಗನಿಗೆ ಪೂರ್ತಿ ಬಡಿಸುತ್ತಾಳೆ. "ನಿಮಗೆ?" ಅಂತ ಅವನು ಕೇಳಿದರೆ "ಗುರುವಾರ ರಾಯರ ವಾರ ಅಲ್ವೇನೋ, ನನಗೆ ಉಪವಾಸ" ಅನ್ನುತ್ತಾಳೆ. ಆಮೇಲೆ ಒಲೆಯ ಕಡೆಗೆ ತಿರುಗಿ ನಿಂತು ಒಂದು ಚೊಂಬು ನೀರು ಕುಡಿಯುತ್ತಾಳೆ.

ನಾನು ಎರಡು ಸಲ ಕೆಮ್ಮಿದೆ. ಬೆಳಗಿನ ಕಾಫಿ ಸರಿಹೋಗಿರಲಿಲ್ಲ.

"ಯಾಕೋ ಸುಮ್ಮನಾದೆ? ಏನ್ಮಾಡ್ತಾ ಇದಾಳೆ ಆಕೆ?"

"ಹುಡುಗನಿಗೆ ಬಡಿಸಿದಳು. ತಾನು ಊಟ ಮಾಡ್ತಾ ಇಲ್ಲ."

"ಯಾಕಂತೆ?" ಅಮ್ಮನ ದನಿಯಲ್ಲಿ ಅಪಾಯದ ಸೂಚನೆ!

"ಗ್ಯಾಸ್ಟ್ರಿಕ್!"

"ಗ್ಯಾಸ್ಟ್ರಿಕ್ಕಾ?"

"ಹೂಂ. ಆಕೆಗೆ ವಿಪರೀತ ಗ್ಯಾಸ್ಟ್ರಿಕ್. ಡಾಕ್ಟರು ಅನ್ನ ಬೇಡ ಅಂದಿದಾರೆ."

"ಪಾಪ, ಜೀರಿಗೆ ನೀರಾದರೂ ಕುಡೀಬಾರದಾ?"

"ಅದನ್ನೇ ಕುಡೀತಾ ಇದಾಳಮ್ಮ! ಈಗಷ್ಟೇ ಒಂದು ಚೊಂಬು ಕುಡಿದಳು!"

ಅಮ್ಮ ಸಮಾಧಾನವಾಗಿ ತಲೆಯಾಡಿಸಿದಳು. ನನಗೆ ನನ್ನ ಪ್ರತಿಭೆಯ ಬಗ್ಗೆಯೇ ಗೌರವ ಮೂಡಿತು.

ಸಿನಿಮಾ ಓಡಿತು. ಹುಡುಗ ವರ್ಷಗಟ್ಟಲೆ ಗುರುವಾರ ಅಲ್ಲೇ ಉಂಡ, ಓದಿದ, ಪರವೂರಿಗೆ ಹೋಗಿ ಡಾಕ್ಟರಾದ. ಇಪ್ಪತ್ತು ವರ್ಷ ಬಿಟ್ಟು, ಒಂದು ಗುರುವಾರ, ಕೈಯಲ್ಲಿ ಹಣ್ಣು ಸೀರೆ ಹಿಡಿದು ಅದೇ ಬಾಗಿಲಿಗೆ ಬಂದ. ಬಾಗಿಲಿಗೆ ಬೀಗ. ಪಕ್ಕದ ಮನೆಯವಳು ಹೊರಗೆ ಬಂದು ಹೇಳಿದಳು: ಹೋದ ತಿಂಗಳು ಹೋಗಿಬಿಟ್ಟಳಪ್ಪ. ಕೊನೆಯವರೆಗೂ ಗುರುವಾರ ಬಂದರೆ ಒಂದು ಎಲೆ ಹಾಕಿ ಬಾಗಿಲು ನೋಡುತ್ತಾ ಕೂತಿರುತ್ತಿದ್ದಳು.

ಇಂಥ ಸಿನಿಮಾ ತೆಗೆಯುವವರಿಗೆ ಸ್ವಲ್ಪವಾದರೂ ಜವಾಬ್ದಾರಿ ಬೇಡವೇ? ಎದೆಯ ಮೇಲೆ ಯಾರೋ ರುಬ್ಬುವ ಗುಂಡು ಇಟ್ಟ ಹಾಗಾಯಿತು. ಅಮ್ಮ ಮೊಣಕೈಯಿಂದ ತಿವಿದಳು. "ಬಂದನೇನೋ ಹುಡುಗ?"

"ಬಂದ. ಮನೆಗೆ ಬೀಗ ಹಾಕಿದೆ."

"ಅಯ್ಯೋ! ಆಕೆ ಎಲ್ಲಿ?" ಕೈ ಹೊದಿಕೆಯಿಂದ ಹೊರಗೆ ಬಂತು.

"ತಿರುಪತಿಗೆ!"

"ಒಬ್ಬಳೇನಾ?"

"ಟೂರಿಸ್ಟ್ ಬಸ್ಸಲ್ಲಿ ಅಮ್ಮ. ಇಡೀ ಬೀದಿಯವರೇ ಹೋಗಿದಾರೆ."

"ಇಡೀ ಬೀದಿಯೋರು ಹೋಗಿದ್ರೆ, ತಿರುಪತಿಗೆ ಹೋಗಿದಾಳೆ ಅಂತ ಹುಡುಗನಿಗೆ ಹೇಳಿದ್ಯಾರು?"

ಲೆಕ್ಕದ ಮೇಷ್ಟ್ರ ಜೊತೆ ಐವತ್ತು ವರ್ಷ ಬಾಳಿದ ಹೆಂಗಸು! ನಾನು ಬೆವರಿದೆ. "ಬಾಗಿಲಿಗೆ ಬೋರ್ಡು ಹಾಕಿದಾಳಮ್ಮ!"

"ಓ. ಬರೋದು ಯಾವಾಗಂತೆ?"

"ನಾಳೆ. ಅಲ್ಲಿಗೆ ಸಿನಿಮಾ ಮುಗೀತು. ಶುಭಂ!"

"ಅದು ಹೆಂಗೆ ಮುಗಿಯುತ್ತೆ? ಆಕೆ ಇನ್ನೂ ಬಂದೇ ಇಲ್ವಲ್ಲ!"

"ಪಾರ್ಟ್ ಟೂ ಇದೆ ಅಜ್ಜಿ!" ಅಂದಳು ಲಹರಿ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು! "ಅಪ್ಪ ನಾಳೆ ನೋಡಿ ಹೇಳ್ತಾರೆ."

ನಾನು ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋಗಿ ನೀರು ಕುಡಿದೆ. ಮಾಲವಿಕಾ ಹತ್ತಿರ ಬಂದು ಮುಖ ನೋಡಿದಳು. "ಕಣ್ಣು ಯಾಕ್ರೀ ಕೆಂಪಗಾಗಿದೆ?"

"ಲ್ಯಾಪ್‌ಟಾಪಿನ ಬೆಳಕು."

"ಸೈನ್ಸಾ?"

"ಹೂಂ."

ಹೀಗೆ, ಧಾರಾವಾಹಿಗಳ ಪರಮವೈರಿಯಾದ ನಾನು ಸೋಮವಾರದಿಂದ ಸ್ವತಃ ಒಂದು ಧಾರಾವಾಹಿಯಾದೆ! ಆಫೀಸಿನಿಂದ ಆರು ಗಂಟೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ಕೂಗು: "ಮಾಧು, ಬಂದ್ಯಾ? ಆಕೆ ಬಂದಳಾ?" ಸೀದಾ ಮಂಚದ ಹತ್ತಿರ ಹೋಗಿ, ಇಯರ್‌ಫೋನ್ ಚುಚ್ಚಿಕೊಂಡು, ಲ್ಯಾಪ್‌ಟಾಪಿನಲ್ಲಿ ಖಾಲಿ ಪರದೆ ನೋಡುತ್ತಾ ಕಥೆ ಶುರು ಮಾಡಬೇಕು. ಸೋಮವಾರ ಆಕೆ ತಿರುಪತಿಯಿಂದ ಬಂದಳು. ಡಾಕ್ಟರು ಆಕೆಯ ಗ್ಯಾಸ್ಟ್ರಿಕ್ ಗುಣಪಡಿಸಿದ. ಆಕೆ ಹೊಟ್ಟೆ ತುಂಬ ಉಂಡಳು. ಇನ್ನೇನು ಬೇಕು? ಆದರೆ ಅಮ್ಮನಿಗೆ ಸಾಲದು.

"ಎಲ್ಲರೂ ಒಳ್ಳೆಯೋರೇ ಆಗ್ಬುಟ್ರೆ ಕಥೆಗೆ ಉಪ್ಪೇ ಇರಲ್ಲ ಕಣೋ. ಏಳು ಮನೇಲಿ ಒಬ್ಬಳಾದ್ರೂ ಕೆಟ್ಟವಳು ಇರಲಿಲ್ವಾ?"

"ಇಲ್ಲಮ್ಮ. ಇದು ಮನುಷ್ಯತ್ವದ ಸಿನಿಮಾ."

"ಮಂಗಳವಾರದೋಳು ಹೆಂಗೆ? ನನಗ್ಯಾಕೋ ಅವಳ ಮೇಲೆ ಅನುಮಾನ."

ಮಂಗಳವಾರ ಇಡೀ ದಿನ ಆಫೀಸಿನಲ್ಲಿ ಕೂತು ಮಂಗಳವಾರದವಳ ಬಗ್ಗೆ ಯೋಚಿಸಿದೆ. ಯೋಚಿಸುತ್ತಲೇ ಒಂದು ಪತ್ರ ಬೆರಳಚ್ಚು ಮಾಡಿ ಸಹಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಸಾಹೇಬರಾದ ಮಹದೇವಯ್ಯನವರು ಒಳಗೆ ಕರೆಸಿ, ಕನ್ನಡಕದ ಮೇಲಿನಿಂದ ನೋಡುತ್ತಾ ಪತ್ರ ಓದಿದರು: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಗುರುವಾರದ ಮನೆಯಾಕೆಯು ತಿರುಪತಿಯಿಂದ ಹಿಂದಿರುಗಿದ್ದು, ಪ್ರಸಾದದ ಲಾಡುಗಳನ್ನು ತಂದಿರುತ್ತಾರೆಂದು ತಮ್ಮ ಆದ್ಯ ಗಮನಕ್ಕೆ ತರಲಾಗಿದೆ."

"ಮಾಧವ್ ಅವರೇ," ಅಂದರು ತಣ್ಣಗೆ, "ಲಾಡು ಎಲ್ಲಿ?"

ಅವತ್ತು ಸಂಜೆ ಮಂಗಳವಾರದವಳು ಹುಡುಗನಿಗೆ ನೀರು ಸಾರು ಬಡಿಸಿದ್ದವಳೆಂದು ಬಯಲಾಯಿತು. ಬುಧವಾರ ಅವಳು ಗುರುವಾರದವಳ ಮೇಲೆ ಹೊಟ್ಟೆಕಿಚ್ಚುಪಟ್ಟಳು. ಅಮ್ಮನಿಗೆ ಆನಂದವೋ ಆನಂದ! ನಾನು ಕಥೆಯ ಭರದಲ್ಲಿ "ಅವಳು ಮೆಲ್ಲಗೆ ಅಡುಗೆಮನೆಗೆ ಬಂದು, ಆ ಪಾಯಸಕ್ಕೆ..." ಅಂದವನು ಬೆಚ್ಚಿ ಬಾಯಿ ಮುಚ್ಚಿಕೊಂಡೆ. ಮೂರೇ ದಿನದಲ್ಲಿ ನಾನೂ ಪಾಯಸಕ್ಕೆ ಬಂದು ನಿಂತಿದ್ದೆ!

ಅಷ್ಟರಲ್ಲಿ ಪಕ್ಕದ ಮನೆಯ ಬಸಮ್ಮನವರು ಮೂಸಂಬಿ ಹಿಡಿದು ಅಮ್ಮನನ್ನು ನೋಡಲು ಬಂದರು. ಅಮ್ಮ ಉತ್ಸಾಹದಿಂದ ಮೊದಲಿನಿಂದ ಕಥೆ ಹೇಳಿದಳು: ವಾರಾನ್ನದ ಹುಡುಗ, ಗ್ಯಾಸ್ಟ್ರಿಕ್ಕು, ಟೂರಿಸ್ಟ್ ಬಸ್ಸು, ಬೋರ್ಡು. ಬಸಮ್ಮನವರ ಹುಬ್ಬು ಮೇಲೇರುತ್ತಾ ಹೋಯಿತು.

"ಅಂಗಲ್ಲ ಕಣ್ರೀ ಸುಂದರಮ್ಮನೋರೆ. ಆ ಸಿನಿಮಾ ನಾನೂ ನೋಡಿದೀನಿ. ಕೊನೇಲಿ ಆ ಯಮ್ಮ ಸತ್..."

ನಾನು ಜನ್ಮದಲ್ಲೇ ಸೀನದಷ್ಟು ಜೋರಾಗಿ ಸೀನಿದೆ! ಕಿಟಕಿ ಗಾಜು ಅದುರಿತು. "ಬಸಮ್ಮನೋರೆ, ಒಂದ್ನಿಮಿಷ, ಅಡುಗೆಮನೆ ಗ್ಯಾಸ್ ಯಾಕೋ ವಾಸನೆ!" ಅಂತ ಅವರನ್ನು ಹಿತ್ತಲಿಗೇ ಎಳೆದುಕೊಂಡು ಹೋಗಿ ಕೈ ಮುಗಿದು ಬೇಡಿಕೊಂಡೆ: "ದಮ್ಮಯ್ಯ ಅಂತೀನಿ, ಸಾಯಿಸಬೇಡಿ ಬಸಮ್ಮನೋರೆ! ಸಾಯಿಸಬೇಡಿ!"

ಕಾಂಪೌಂಡಿನ ಆಚೆ ಗಿಡಕ್ಕೆ ನೀರು ಹಾಕುತ್ತಿದ್ದ ಅವರ ಯಜಮಾನರು ಶಿವರುದ್ರಪ್ಪನವರು ಪೈಪು ಬಿಸುಟು ಗೋಡೆಯ ಮೇಲಿನಿಂದ ಇಣುಕಿದರು. "ಏನಮ್ಮೀ ಅದು? ಯಾರನ್ನ ಏನ್ ಮಾಡ್ತಾ ಇದೀಯಾ?"

ಅವರಿಗೂ ವಿಷಯ ತಿಳಿಸಿ ಸಮಾಧಾನಪಡಿಸಿದ್ದಾಯಿತು. ಬಸಮ್ಮನವರದು ದೊಡ್ಡ ಮನಸ್ಸು. ವಾಪಸ್ಸು ಮಂಚದ ಹತ್ತಿರ ಬಂದು ಕೂತು, "ಊಂ ಕಣ್ರೀ, ನಂಗೆ ಮರ್ತೇ ಓಗಿತ್ತು," ಅಂದರು. "ಆ ಯಮ್ಮ ತಿರುಪತಿಯಿಂದ ಬಂದ್ಬುಟ್ಟು ಮಗಳ ಮದುವೆ ಮಾಡ್ತಾಳೆ. ಅದೇ ಡಾಕ್ಟರ ಜೊತೆ!"

"ಮಗಳಾ?" ಅಮ್ಮ ಎದ್ದು ಕೂತಳು. "ಮಾಧು! ಆಕೆಗೆ ಮಗಳಿರೋದು ನೀನು ಹೇಳಲೇ ಇಲ್ವಲ್ಲೋ!"

ಗುರುವಾರ, ಶುಕ್ರವಾರ ಎರಡು ಸಂಜೆ ಆ ಮಗಳನ್ನು ಎಲ್ಲಿಂದ ತರಬೇಕೆಂದು ತಿಣುಕಿದೆ. ವರ್ಷಗಟ್ಟಲೆ ಒಂದೇ ಕೋಣೆಯ ಮನೆಯಲ್ಲಿ ಉಂಡ ಹುಡುಗನ ಕಣ್ಣಿಗೆ ಬೀಳದ ಮಗಳು! ಕೊನೆಗೆ ಅವಳನ್ನು ಅಜ್ಜಿಮನೆ ನಂಜನಗೂಡಿನಲ್ಲಿ ಬೆಳೆಸಿ, ಮಂಗಳವಾರದವಳಿಗೆ ಪಶ್ಚಾತ್ತಾಪ ಬರಿಸಿ, ಅವಳಿಂದಲೇ ಮದುವೆಗೆ ಅಡುಗೆ ಮಾಡಿಸಿ, ಎಲ್ಲರನ್ನೂ ಊಟಕ್ಕೆ ಕೂರಿಸಿ ಶುಭಂ ಹೇಳಿದೆ. ಅಮ್ಮ ತೃಪ್ತಿಯಿಂದ ನನ್ನ ತಲೆ ಸವರಿದಳು. ಐವತ್ತೆರಡು ವರ್ಷದ ಗಂಡಸಿನ ತಲೆ! ಅವಳು ಹಾಗೆ ಸವರಿ ಎಷ್ಟು ವರ್ಷವಾಗಿತ್ತೋ, ಮಧ್ಯದಲ್ಲಿ ಕೂದಲು ಹೋದದ್ದು ಅವಳ ಕೈಗೆ ಅವತ್ತೇ ಗೊತ್ತಾದದ್ದು.

ಭಾನುವಾರದ ಆ ಹಾಡಿನ ಮೇಲೆ ವಾರವಿಡೀ ಅಮ್ಮನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಶನಿವಾರ ಡಾಕ್ಟರಮ್ಮ ಪರೀಕ್ಷೆ ಮಾಡಿ, "ಕಣ್ಣು ಚಿನ್ನದ ಹಾಗಿದೆ. ಇನ್ನು ಸ್ವಲ್ಪ ಸ್ವಲ್ಪ ಟಿವಿ ನೋಡಬಹುದು. ಉಜ್ಜೋದು ಮಾತ್ರ ಇನ್ನೂ ಮೂರು ವಾರ ಬೇಡ," ಅಂದರು. ನಾನು ಎದೆಯುಬ್ಬಿಸಿಕೊಂಡು ಹೊರಗೆ ಬಂದೆ. ಆಟೋದಲ್ಲಿ ಅಮ್ಮ ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದಿದಳು. ಮನೆಗೆ ಬಂದು ಕಾಲು ತೊಳೆದು ಮಂಚದಲ್ಲಿ ಕೂತವಳೇ ಹೇಳಿದಳು:

"ಲಹರಿ, ಆ ಸಿನಿಮಾ ಟಿವೀಲಿ ಹಾಕು. ಆ ಗ್ಯಾಸ್ಟ್ರಿಕ್ಕಿನ ಹೆಂಗಸನ್ನ ಕಣ್ಣಾರೆ ನೋಡ್ಬೇಕು."

ನನ್ನ ಉಬ್ಬಿದ ಎದೆ ಪಂಕ್ಚರಾಯಿತು. ಇಂಟರ್ನೆಟ್ ಇಲ್ಲ ಅಂದೆ. ಲಹರಿ ಇದೆ ಅಂದಳು. ಕರೆಂಟು ಹೋಗುತ್ತೆ ಅಂದೆ, ಹೋಗಲಿಲ್ಲ. ವಾರವಿಡೀ ಜೋಪಾನ ಮಾಡಿದ ಕಣ್ಣು, ಸುಳ್ಳು ಹೇಳಿದ ಮಗ, ಕೊನೆಯ ಆ ಬೀಗದ ಬಾಗಿಲು! ಅಮ್ಮ ಒಂದೇ ಸಲಕ್ಕೆ ಆರು ದಿನದ ಅಳು ಅತ್ತು, ಒಂದೇ ಸಲಕ್ಕೆ ಉಜ್ಜಿಬಿಟ್ಟರೆ? ನಾನು ಅವಳ ಪಕ್ಕ ಕೂತು ಎರಡೂ ಕೈಯನ್ನು ಭದ್ರವಾಗಿ ಹಿಡಿದುಕೊಂಡೆ. ಮಾಲವಿಕಾ ಹತ್ತಿ ಹಿಡಿದು ಸಿದ್ಧವಾದಳು.

ಮೊದಲ ಹಾಡು ಬಂತು, ಅಮ್ಮ ಅಳಲಿಲ್ಲ. ಒಂದು ಹಿಡಿ ಅಕ್ಕಿ ಬಂತು. ಪರದೆಯ ಮೇಲಿನ ಹೆಂಗಸು "ಗುರುವಾರ ರಾಯರ ವಾರ ಅಲ್ವೇನೋ" ಅಂದಾಗ ಪಕ್ಕದಲ್ಲಿ ಅಮ್ಮನ ತುಟಿಯೂ ಅದೇ ಮಾತನ್ನು ಆಡುತ್ತಿತ್ತು. ಗಮನಿಸಿದರೂ ಅದರ ಅರ್ಥ ನನಗೆ ತಿಳಿಯಲಿಲ್ಲ. ಬೀಗದ ಬಾಗಿಲು ಬಂತು. ಎಲೆಯ ಮಾತು ಬಂತು. ಸಿನಿಮಾ ಮುಗಿಯಿತು. ಆಶ್ಚರ್ಯವೆಂದರೆ ಅಮ್ಮನ ಕಣ್ಣು ಒಣಗಿಯೇ ಇತ್ತು.

"ಅಮ್ಮ," ಅಂದೆ ತಲೆ ತಗ್ಗಿಸಿ, "ತಿರುಪತಿ ಸುಳ್ಳು. ಮಗಳೂ ಸುಳ್ಳು. ನೀನು ಅಳಬಾರದು ಅಂತ..."

"ಗೊತ್ತು ಕಣೋ."

"ಗೊತ್ತಾ? ಯಾವಾಗಿಂದ?"

"ಐವತ್ತು ವರ್ಷದಿಂದ," ಅಂದಳು ಅಮ್ಮ. "ಈ ಸಿನಿಮಾಗೆ ನಿಮ್ಮಪ್ಪ ನನ್ನನ್ನ ಮೂರು ಸಲ ಕರ್ಕೊಂಡು ಹೋಗಿದ್ರು. ಮೊದಲನೇ ಹಾಡು ಕೇಳಿದ ತಕ್ಷಣ ಗೊತ್ತಾಯ್ತು. ಅದಕ್ಕೇ ಅವತ್ತು ಕಣ್ಣಲ್ಲಿ ನೀರು ಬಂತು. ನಿಮ್ಮಪ್ಪ ವಾರಾನ್ನದಲ್ಲಿ ಓದಿದೋರು ಕಣೋ. ಅವರಿಗೂ ಲಷ್ಕರ್ ಮೊಹಲ್ಲಾದ ಹತ್ರ ಒಂದು ಗುರುವಾರದ ಮನೆ ಇತ್ತು. ಕೆಲಸ ಸಿಕ್ಕಿದ ಮೇಲೆ ಹೋಗಿ ನೋಡ್ತೀನಿ ಅಂದ್ಕೊಂಡಿದ್ರು. ಹೋಗೋ ಹೊತ್ತಿಗೆ ಆ ತಾಯಿ ಇರಲಿಲ್ಲ."

ನಮ್ಮಪ್ಪ! ಊಟಕ್ಕೆ ಕೂತರೆ ಮಾತಾಡದ, ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೆ ಎಬ್ಬಿಸಿ ನಿಲ್ಲಿಸುತ್ತಿದ್ದ ನಮ್ಮಪ್ಪ! ಅದು ಬರೀ ಶಿಸ್ತು ಅಂತ ನಾನು ಐವತ್ತು ವರ್ಷ ತಿಳಿದಿದ್ದೆ.

"ಮೂರು ಸಲಾನೂ ಆ ಬೀಗದ ಬಾಗಿಲು ಬರೋ ಹೊತ್ತಿಗೆ ಎದ್ದು ಹೊರಗೆ ಹೋಗಿಬಿಡೋರು," ಅಂದಳು ಅಮ್ಮ. "ಕೊನೆ ನೋಡಲೇ ಇಲ್ಲ. ವಾಪಸ್ಸು ನಡ್ಕೊಂಡು ಬರ್ತಾ ಮೆಲ್ಲಗೆ ಕೇಳೋರು, ‘ಆಕೆ ಸಿಕ್ಕಿದಳಾ?’ ಅಂತ."

"ನೀನು ಏನಂದೆ?"

"‘ಸಿಕ್ಕಿದಳು. ಎಲೆ ಹಾಕಿ ಬಡಿಸಿದಳು, ಈ ಸಲ ಇಬ್ಬರೂ ಜೊತೇಲಿ ಉಂಡರು’ ಅಂದೆ. ಹೋಗೋವರೆಗೂ ಅದನ್ನೇ ನಂಬಿದ್ರು." ಅಮ್ಮ ನನ್ನ ಕಡೆ ತಿರುಗಿ, ಹೊಸ ಕಣ್ಣಿನಿಂದ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಸುಳ್ಳು ಹೇಳಿದರೆ ಹಾಗೆ ಹೇಳ್ಬೇಕು ಕಣೋ! ಅದು ಬಿಟ್ಟು ಗ್ಯಾಸ್ಟ್ರಿಕ್ಕಂತೆ, ಬೋರ್ಡಂತೆ!"

"ಎಲ್ಲ ಗೊತ್ತಿದ್ದೂ ಆರು ದಿನ ಯಾಕಮ್ಮ ಕೇಳಿಸ್ಕೊಂಡೆ?"

"ಗೊತ್ತು ಅಂದಿದ್ರೆ ನೀನು ಎದ್ದು ಹೋಗ್ತಿದ್ದೆ. ದಿನಾ ಆಫೀಸಿಂದ ಬಂದು ರೂಮಿಗೆ ಹೋಗಿ ಬಾಗಿಲು ಹಾಕ್ಕೊಳ್ಳೋನು, ಈ ವಾರ ಸೀದಾ ನನ್ನ ಮಂಚಕ್ಕೆ ಬರ್ತಿದ್ದೆ."

ಅಮ್ಮ ಇದನ್ನು ದೂರಿನ ಹಾಗೆ ಹೇಳಲಿಲ್ಲ. ಮೂಸಂಬಿ ಚೆನ್ನಾಗಿತ್ತು ಅನ್ನುವ ಹಾಗೆ ಹೇಳಿದಳು. ನನಗೆ ಎಲ್ಲ ಒಟ್ಟಿಗೆ ಬಂತು. ಚಿತ್ರಮಂದಿರದ ಹೊರಗೆ ಒಬ್ಬರೇ ನಿಂತ ಅಪ್ಪ, ನನ್ನ ಹಾಳು ಟೂರಿಸ್ಟ್ ಬಸ್ಸಿಗೆ ದಿನಾ "ಆಮೇಲೆ?" ಅನ್ನುತ್ತಿದ್ದ ಅಮ್ಮ. ಕೃಷ್ಣಸ್ವಾಮಿ ಮೇಷ್ಟ್ರ ಮಗನ ಕಣ್ಣಿನಿಂದ ಮೊದಲು ಒಂದು ಹನಿ, ಆಮೇಲೆ ಲೆಕ್ಕವಿಲ್ಲದಷ್ಟು! ಅಮ್ಮನ ಕೈ ಹಿಡಿದಿದ್ದ ನನ್ನ ಎರಡೂ ಕೈ ಬಿಟ್ಟುಕೊಂಡು, ಮುಷ್ಟಿ ಕಟ್ಟಿಕೊಂಡು, ತಾವಾಗಿಯೇ ಮೇಲೆದ್ದವು.

"ಕೈ! ಕೈ!" ಮೂವರೂ ಒಟ್ಟಿಗೆ ಕೂಗಿದರು.

ಲಹರಿ ಬಲಗೈ ಹಿಡಿದಳು. ಅಮ್ಮ ಎಡಗೈ ಹಿಡಿದು, ಇನ್ನೊಂದು ಕೈಯಿಂದ ದಿಂಬಿನ ಮೇಲಿದ್ದ ತನ್ನ ಕಪ್ಪು ಕನ್ನಡಕ ಎತ್ತಿ ನನ್ನ ಮೂಗಿನ ಮೇಲೆ ಇಟ್ಟಳು. ಮಾಲವಿಕಾ ಹತ್ತಿ ಹಿಡಿದು ಬಂದು, ನನ್ನ ಕೆನ್ನೆಗೆ ಮೆಲ್ಲಗೆ ಒತ್ತುತ್ತಾ ಕೇಳಿದಳು:

"ಯಾವ ಸೈನ್ಸ್ ರೀ ಇದು?"